ಫಾಂಡ್ ದುಡ್ಡಿನಲ್ಲೇ ಸೈಕಲ್ ತಂದೆ

ಜರ್ಮನಿಯ ಆಖೆನ್‌ಗೆ ಓದಲು ಬಂದ ಮೊದಲ ವರ್ಷ. ಇಲ್ಲಿ ಬಾಟಲಿ, ಕ್ಯಾನ್ ಕೊಳ್ಳುವಾಗ ಬೆಲೆಯ ಮೇಲೆ ಒಂದಿಷ್ಟು ಠೇವಣಿ ಹಿಡಿದುಕೊಳ್ಳುತ್ತಾರೆ, ಖಾಲಿಯಾದ ಮೇಲೆ ಅಂಗಡಿಯ ಮಷೀನಿಗೆ ಹಾಕಿದರೆ ವಾಪಸ್. ಅದೇ ಫಾಂಡ್. "ಖಾಲಿ ಬಾಟಲಿ ಮಾರಿ ಸೈಕಲ್ ತಗೋತೀಯಾ? ಎಂ.ಎಸ್. ಮಾಡೋಕೆ ಬಂದವನೋ, ಗುಜರಿಯವನೋ?" ಅಂತ ರೂಮಿನವರು ನಕ್ಕಿದ್ದರು. ಈಗ ಅದೇ ಸೈಕಲ್ಲಿಗೆ ಬೀಗದ ಕೈ ಕೇಳಿಕೊಂಡು ಬರುತ್ತಾರೆ.

ಶುರುವಿನಲ್ಲಿ ಬರೀ ಪೆಟ್ಟು ತಿಂದೆ. ಪಾರ್ಟಿಯಿಂದ ಹೊತ್ತು ತಂದ ಚೀಲದಲ್ಲಿ ಅರ್ಧಕ್ಕರ್ಧ ವೈನ್ ಬಾಟಲಿಗಳೇ, ಕತ್ತಲಲ್ಲಿ ನೋಡದೆ ತುಂಬಿದ್ದೆ. ಅವಕ್ಕೆಲ್ಲಿಯ ಫಾಂಡ್? ಬಿಯರ್ ಬಾಟಲಿಗೆ 8 ಸೆಂಟ್, ಆದರೆ ಭಾರಕ್ಕೆ ಹೆಗಲು ಕಿತ್ತು ಬರುತ್ತದೆ. ಗಡಿಯಾಚೆ ನೆದರ್‌ಲ್ಯಾಂಡ್ಸಿನಲ್ಲಿ ಕೊಂಡಿದ್ದ ಡಚ್ ಕ್ಯಾನ್‌ಗಳನ್ನು ಮಷೀನು ಒಂದೊಂದಾಗಿ ವಾಪಸ್ ಉಗುಳಿತು. ಹಿಂದೆ ನಿಂತಿದ್ದ ಅಜ್ಜಿ ಗಡಿಯಾರ ನೋಡುತ್ತಲೇ ಇದ್ದರು! ಮಷೀನು ದುಡ್ಡಿನ ಬದಲು ಕೊಟ್ಟ ಹನ್ನೊಂದು ಯೂರೋ ಚಿಲ್ಲರೆಯ ಚೀಟಿಯನ್ನಂತೂ ಪ್ಯಾಂಟಿನ ಜೊತೆ ಒಗೆದುಬಿಟ್ಟೆ.

ಆಮೇಲೆ 25 ಸೆಂಟಿನ ಪ್ಲಾಸ್ಟಿಕ್ ಬಾಟಲಿ ಮತ್ತು ಕ್ಯಾನ್ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಅರವತ್ತು ತುಂಬಿದರೆ ಚೀಲಕ್ಕೆ 15 ಯೂರೋ, ತೂಕವೇ ಇಲ್ಲ. ನಮ್ಮವರ ಹುಟ್ಟುಹಬ್ಬ, ರಾಜ್ಯೋತ್ಸವದ ಊಟ, ಎಲ್ಲೇ ಸೇರಲಿ, "ಹಾಲ್ ಗುಡಿಸೋದು ನಾನು, ಖಾಲಿ ಬಾಟಲಿ ನಂದು" ಅಂತ ಮೊದಲೇ ಮಾತಾಡಿಕೊಳ್ಳುತ್ತಿದ್ದೆ. ಬೀದಿ ಕಸದ ಡಬ್ಬಿಯ ಪಕ್ಕ ಇಟ್ಟಿರುತ್ತಾರಲ್ಲ, ಅವನ್ನು ಮುಟ್ಟಿಲ್ಲ. ಅವು ಆಯ್ದು ಬದುಕುವವರಿಗೆ ಅಂತಲೇ ಇಡುವುದು.

ನಜ್ಜಾದ ಬಾಟಲಿಗಳ ಮೇಲೂ ಒಂದಿಷ್ಟು ಪ್ರಯೋಗ ಮಾಡಿದೆ. ಬಾಯಿಟ್ಟು ಜೋರಾಗಿ ಊದಿ ಮುಚ್ಚಳ ತಿರುಗಿಸಿದರೆ ಹತ್ತಕ್ಕೆ ಏಳು ಮಷೀನಿನಲ್ಲಿ ಪಾಸ್, ಬಾರ್‌ಕೋಡೂ ಫಾಂಡ್ ಗುರುತೂ ಕಂಡರೆ ಸಾಕು. ಕ್ಯಾನಿನೊಳಗೆ ಸ್ಕ್ರೂಡ್ರೈವರ್ ಹಿಡಿ ತುರುಕಿದ್ದಕ್ಕೆ ಬೆರಳು ಕುಯ್ದುಕೊಂಡಿತು, ಕ್ಯಾನ್ ಹಾಗೇ ಉಳಿಯಿತು. ಸುಕ್ಕಾದ ಲೇಬಲ್ಲಿಗೆ ನನ್ನದೊಂದು ಉಪಾಯ ಇದೆ. ಅದನ್ನೂ, ಯಾವ ಅಂಗಡಿಗೆ ಎಷ್ಟು ಹೊತ್ತಿಗೆ ಹೋಗುತ್ತಿದ್ದೆ ಅನ್ನುವುದನ್ನೂ ಸದ್ಯಕ್ಕೆ ಕೇಳಬೇಡಿ.

ಐದು ತಿಂಗಳಲ್ಲಿ ಹೆಚ್ಚುಕಮ್ಮಿ 140 ಯೂರೋ ಆಯಿತು. ಹಳೇ ಸೈಕಲ್ಲಿಗೆ 110, ಉಳಿದದ್ದು ಬೀಗಕ್ಕೇ ಹೋಯಿತು.

ಅಮ್ಮನಿಗೆ ಮಾತ್ರ ಇದು ಇನ್ನೂ ಅರ್ಥವಾಗಿಲ್ಲ. "ಫಾಂಡ್ ಅಂದ್ರೆ ಒತ್ತೆ ಕಣಮ್ಮ, ಇಲ್ಲಿ ಗಿರವಿ ಅಂಗಡಿಗೂ ಫಾಂಡ್‌ಹೌಸ್ ಅಂತಾರೆ" ಅಂದೆ. ಫೋನಿನಲ್ಲಿ ಒಂದು ಗಳಿಗೆ ಸದ್ದಿಲ್ಲ. "ಏನು ಒತ್ತೆ ಇಟ್ಟೆಯೋ? ಸರ ಹುಷಾರಾಗಿದೆ ತಾನೇ?"