ಮೊದಲ ನಾಗಾಲೋಟಕ್ಕೆ ನಾನು ಸಿದ್ಧಳಾದ ಬಗೆ

ಕುದುರೆಯನ್ನು ನಾಗಾಲೋಟದಲ್ಲಿ ಓಡಿಸಲು ಸವಾರರು ಮಾಡಬೇಕಾದ ಕೆಲಸ ಬಹಳ ಕಡಿಮೆ. ಓಟ ಅದಕ್ಕೆ ಹುಟ್ಟಿನಿಂದಲೇ ಬಂದಿರುತ್ತದೆ. ನಾವು ಕಲಿಯಬೇಕಾದದ್ದು ಅದರ ಬೆನ್ನಿಗೂ ಬಾಯಿಗೂ ತೊಂದರೆ ಕೊಡದೆ ಮೇಲೆ ಉಳಿಯುವುದನ್ನು, ಮತ್ತು ಬೇಕೆಂದಾಗ ವೇಗವನ್ನು ಇಳಿಸುವುದನ್ನು. ಮಂಗಳೂರಿನ ಹೊರವಲಯದ ಸವಾರಿ ಶಾಲೆಯೊಂದರಲ್ಲಿ ನಡಿಗೆ, ಟ್ರಾಟ್ (ಕುಲುಕು ಓಟ), ಕ್ಯಾಂಟರ್‌ಗಳನ್ನು (ಹದವಾದ ನೆಗೆತದ ಓಟ) ಕಲಿತ ಬಳಿಕ ಸಸಿಹಿತ್ಲು ಕಡಲತೀರದಲ್ಲಿ ಮೊದಲ ಬಾರಿ ಗ್ಯಾಲಪ್, ಅಂದರೆ ನಾಗಾಲೋಟ, ಮಾಡುವವರೆಗಿನ ನನ್ನ ತಯಾರಿಯೆಲ್ಲ ಈ ಎರಡರ ಸುತ್ತಲೇ ನಡೆಯಿತು. ಕಂಬಳ ನೋಡಿ ಬೆಳೆದ ನಮ್ಮ ಕಡೆಯವರಿಗೆ ವೇಗವೆಂದರೆ ಹಿಂದಿನಿಂದ ಹುರಿದುಂಬಿಸುವುದು ಎಂಬ ಕಲ್ಪನೆ ಇರುತ್ತದೆ. ಕುದುರೆಯ ಮೇಲೆ ಕುಳಿತವರಿಗೆ ಆ ಕಲ್ಪನೆಯಿಂದ ಯಾವ ಉಪಯೋಗವೂ ಇಲ್ಲ.

ಕ್ಯಾಂಟರ್‌ನಲ್ಲಿ ಗೊರಸುಗಳ ಸದ್ದು ಮೂರು ಬಡಿತಗಳಲ್ಲಿ ಕೇಳಿಸುತ್ತದೆ, ಏಕೆಂದರೆ ಒಂದು ಹಿಂಗಾಲೂ ಅದಕ್ಕೆ ಎದುರು ಬದಿಯ ಮುಂಗಾಲೂ ಒಟ್ಟಿಗೆ ನೆಲ ಮುಟ್ಟುತ್ತವೆ. ವೇಗ ಏರಿದಂತೆ ಈ ಜೋಡಿ ಬಿಡಿಯಾಗಿ, ನಾಲ್ಕು ಕಾಲುಗಳೂ ಒಂದರ ಹಿಂದೆ ಒಂದರಂತೆ ಬಿದ್ದು, ಬಡಿತ ನಾಲ್ಕಾದಾಗ ಅದು ಗ್ಯಾಲಪ್. ಕ್ಯಾಂಟರ್‌ನ ವೇಗ ಸಾಮಾನ್ಯವಾಗಿ ಗಂಟೆಗೆ 20 ಕಿಲೋಮೀಟರ್‌ಗಳ ಆಸುಪಾಸಿನಲ್ಲಿದ್ದರೆ, ಗ್ಯಾಲಪ್‌ನದು 40ರಿಂದ 48. ಕುದುರೆ ಬಾಯಿಯಿಂದ ಉಸಿರಾಡುವುದಿಲ್ಲ, ಮೂಗಿನಿಂದ ಮಾತ್ರ. ಈ ಓಟದಲ್ಲಿ ಪ್ರತಿ ನೆಗೆತಕ್ಕೆ ಒಂದು ಉಸಿರಿನಂತೆ ಕಾಲಿನ ಲಯಕ್ಕೂ ಶ್ವಾಸಕ್ಕೂ ಗಂಟು ಬೀಳುತ್ತದೆ. ಆ ಹೊತ್ತಿನಲ್ಲಿ ಬೆನ್ನಿನ ಮೇಲೆ ಕುಕ್ಕರಿಸುತ್ತಿರುವ ಭಾರ ಅದಕ್ಕೆ ಎಷ್ಟು ಕಿರಿಕಿರಿ ಮಾಡಬಹುದೆಂಬುದನ್ನು ಅರಿತ ಮೇಲೆಯೇ ನನಗೆ ಅರ್ಧ ಎದ್ದು ನಿಲ್ಲುವ ಭಂಗಿಯ ಅಗತ್ಯ ಮನದಟ್ಟಾಯಿತು.

ಈ ಭಂಗಿಗಾಗಿ ಪಾದವಿಡುವ ಸ್ಟಿರಪ್‌ಗಳನ್ನು ಎರಡು ಮೂರು ತೂತು ಮೇಲಕ್ಕೆ ಕಟ್ಟಿ, ಜೀನಿನಿಂದ ಆಸನವನ್ನು ತುಸುವೇ ಎತ್ತಿ, ಸೊಂಟದಿಂದ ಮುಂದಕ್ಕೆ ಬಾಗಿ, ಭಾರವನ್ನೆಲ್ಲ ತೊಡೆ ಮತ್ತು ಹಿಮ್ಮಡಿಗಳ ಮೂಲಕ ಕೆಳಕ್ಕೆ ಇಳಿಸಬೇಕು. ಮಂಡಿಯಿಂದ ಜೀನನ್ನು ಹಿಸುಕಿದರೆ ಕೆಳಗಾಲು ಹಿಂದಕ್ಕೆ ಜಾರಿ, ದೇಹ ಕುದುರೆಯ ಕತ್ತಿನ ಮೇಲೆ ಮುಗ್ಗರಿಸುತ್ತದೆ. ಮೊದಲು ನಡಿಗೆಯಲ್ಲಿ, ಆಮೇಲೆ ಟ್ರಾಟ್‌ನಲ್ಲಿ, ಕೊನೆಗೆ ಕ್ಯಾಂಟರ್‌ನಲ್ಲಿ, ಕುದುರೆಯ ಕತ್ತಿಗೆ ಕಟ್ಟಿದ ಚರ್ಮದ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಮೈದಾನವನ್ನು ಸುತ್ತುತ್ತಿದ್ದೆ. ಆಯ ತಪ್ಪಿದಾಗ ಕೈ ಲಗಾಮನ್ನು ಜಗ್ಗದೆ ಆ ಪಟ್ಟಿಯನ್ನು ಹಿಡಿಯಲೆಂದೇ ಅದನ್ನು ಕಟ್ಟುವುದು. ಮನೆಯಲ್ಲಿ ಮೆಟ್ಟಿಲಿನ ಅಂಚಿಗೆ ಪಾದದ ಮುಂಭಾಗವನ್ನಷ್ಟೇ ಇಟ್ಟು ಹಿಮ್ಮಡಿಯನ್ನು ಇಳಿಬಿಟ್ಟು ನಿಲ್ಲುವ ಅಭ್ಯಾಸವನ್ನೂ ಮಾಡಿಕೊಂಡೆ. ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ಆ ತಿಂಗಳುಗಳಲ್ಲಿ ನನಗೆ ನೆಪವಾಗಿರಲಿಲ್ಲ, ನಿಜವಾಗಿಯೇ ತೊಡೆ ನೋಯುತ್ತಿತ್ತು.

ನಿಲ್ಲಿಸುವ ಪಾಠ ಇದಕ್ಕಿಂತ ಸೂಕ್ಷ್ಮವಾದದ್ದು. ನಾನು ಏರುತ್ತಿದ್ದುದು ರೇಸಿನಿಂದ ನಿವೃತ್ತವಾದ ಥರೋಬ್ರೆಡ್ ಎಂಬ ರೇಸ್ ತಳಿಯ ಹೆಣ್ಣು ಕುದುರೆಯನ್ನು. ರೇಸಿನಲ್ಲಿ ಪಳಗಿದ ಕುದುರೆಗಳು ಬಿಗಿಯಾದ ಲಗಾಮಿನ ಮೇಲೆ ಒರಗಿ ಓಡಲು ಕಲಿತಿರುತ್ತವೆ. ಹೆದರಿ ಎರಡೂ ಕೈಗಳಿಂದ ಒಂದೇ ಸಮನೆ ಎಳೆದರೆ ಅವುಗಳಲ್ಲಿ ಅನೇಕಕ್ಕೆ ಅದು ಇನ್ನಷ್ಟು ಓಡು ಎಂಬ ಸೂಚನೆ. ಹಾಗಾಗಿ ಎಳೆದು ಹಿಡಿಯುವುದಲ್ಲ, ಬೆನ್ನು ನೇರ ಮಾಡಿ, ಆಸನವನ್ನು ನಿಧಾನವಾಗಿ ಜೀನಿಗೆ ಇಳಿಸಿ, ಬೆರಳು ಮುಚ್ಚಿ, ಕುದುರೆ ಒಂದಿಷ್ಟು ಒಪ್ಪಿದ ಕೂಡಲೇ ಸಡಿಲಿಸಿ, ಮತ್ತೆ ಮುಚ್ಚುವುದು. ತುರ್ತಿಗೆ ಬೇರೆಯದೇ ವಿಧಾನವಿದೆ: ಒಂದು ಲಗಾಮನ್ನು ಗಿಡ್ಡವಾಗಿಸಿ ಆ ಮುಷ್ಟಿಯನ್ನು ಕುದುರೆಯ ಕತ್ತಿನ ಬುಡಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಮತ್ತೊಂದು ಲಗಾಮನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಬಿಡುವುದು. ತೀರಾ ಕೈಮೀರಿದರೆ ಜಾಗವಿದ್ದಲ್ಲಿ ದೊಡ್ಡ ವೃತ್ತಕ್ಕೆ ತಿರುಗಿಸಿ ಅದನ್ನು ಕಿರಿದು ಮಾಡುತ್ತ ಹೋಗಬೇಕು. ಪೂರ್ಣ ವೇಗದಲ್ಲಿ ಥಟ್ಟನೆ ತಿರುಗಿಸಿದರೆ ಕುದುರೆ ಕಾಲು ಜಾರಿ ಬೀಳಬಹುದು. ಕ್ಯಾಂಟರ್‌ನಲ್ಲಿ ಎಲ್ಲಿ ಹೇಳಿದರೆ ಅಲ್ಲಿ, ಬಿಗುವಿಲ್ಲದೆ ನಡಿಗೆಗೆ ಇಳಿಸಲು ಬಂದ ಮೇಲಷ್ಟೇ ನಮ್ಮ ತರಬೇತುದಾರರು ಕಡಲತೀರದ ಮಾತೆತ್ತಿದರು.

ತೀರವನ್ನು ಆರಿಸಿದ್ದು ನೆಲದ ಕಾರಣಕ್ಕೆ. ನಮ್ಮಲ್ಲಿ ಮುರಕಲ್ಲಿನ ಗುಡ್ಡ, ಇಲ್ಲವೇ ಗದ್ದೆ. ಉದ್ದಕ್ಕೆ ಓಡಿಸುವಂಥ ಸಮತಟ್ಟು ಜಾಗ ಬೇರೆಲ್ಲಿದೆ? ಅರಬ್ಬೀ ಕುದುರೆಗಳು ಭಟ್ಕಳದಂತಹ ರೇವುಗಳಲ್ಲಿ ಇಳಿದು ವಿಜಯನಗರಕ್ಕೆಂದು ಘಟ್ಟ ಹತ್ತಿದವು ಎಂದು ಓದುವಾಗ, ಕರಾವಳಿ ಅವಕ್ಕೆ ದಾರಿಯಷ್ಟೇ ಆದದ್ದರಲ್ಲಿ ಆಶ್ಚರ್ಯವೇನಿಲ್ಲ ಅನಿಸುತ್ತದೆ. ಇಳಿತದ ಹೊತ್ತಿನಲ್ಲಿ ನೀರಿಗೂ ಒಣ ಮರಳಿಗೂ ನಡುವೆ ಸಿಗುವ ಒದ್ದೆ ಪಟ್ಟಿ ಮಾತ್ರ ಓಟಕ್ಕೆ ಯೋಗ್ಯ: ಒಣ ಮರಳಿನಲ್ಲಿ ಗೊರಸು ಹೂತು ಸ್ನಾಯುರಜ್ಜುಗಳಿಗೆ ಪೆಟ್ಟಾಗುತ್ತದೆ, ನೀರಿನಂಚಿನಲ್ಲಿ ಅಲೆ ಮರಳನ್ನು ಕೆಳಗಿನಿಂದಲೇ ಸೆಳೆಯುತ್ತದೆ. ಇಳಿತ ದಿನಕ್ಕೆರಡು ಬಾರಿ ಬಂದು, ಮರುದಿನ ಸುಮಾರು 50 ನಿಮಿಷ ತಡವಾಗುವುದರಿಂದ, ಬಿಸಿಲೇರುವ ಮೊದಲೇ ಇಳಿತ ಸಿಗುವ ಬೆಳಗ್ಗೆಗಾಗಿ ಕಾದೆವು. ಕುದುರೆ ಏರುವ ಮೊದಲು ಆ ದೂರವನ್ನೆಲ್ಲ ಕಾಲ್ನಡಿಗೆಯಲ್ಲಿ ನೋಡಿಬಂದೆವು. ಏಡಿ ಬಿಲ, ಒಡೆದ ಬಾಟಲಿ, ಮಳೆನೀರು ಕೊರೆದ ತೋಡು, ಎಲ್ಲಕ್ಕಿಂತ ಮುಖ್ಯವಾಗಿ ಕೈರಂಪಣಿಯ ಹಗ್ಗ. ಬಲೆ ಎಳೆಯುವವರು ದಡದಿಂದ ನೀರಿಗೆ ಬಿಟ್ಟ ಹಗ್ಗ ಮೊಣಕಾಲೆತ್ತರದಲ್ಲಿ ಬಿಗಿದಿದ್ದರೆ ಓಡುವ ಕುದುರೆಗೆ ಅದು ಕಾಣುವುದೇ ಇಲ್ಲವೆನ್ನಬೇಕು. ಕಡಲಾಮೆಗಳು ಮೊಟ್ಟೆಯಿಡುವ ತಿಂಗಳುಗಳಲ್ಲಿ ಮೇಲಿನ ಮರಳಿಗೆ ಕುದುರೆಯನ್ನು ಹತ್ತಿಸಲೇಬಾರದು.

ಹೊಟ್ಟೆಪಟ್ಟಿ ಬಿಗಿಯುವಾಗ ಅನೇಕ ಕುದುರೆಗಳಂತೆ ನಮ್ಮದೂ ಹೊಟ್ಟೆ ಉಬ್ಬಿಸಿ ನಿಲ್ಲುತ್ತದೆ. ಸ್ವಲ್ಪ ನಡೆಸಿ ಎರಡನೆಯ ಸಲ ಬಿಗಿದೆ. ಹೆಲ್ಮೆಟ್, ಎದೆ ಬೆನ್ನು ಕಾಯುವ ಕವಚ, ಸ್ಟಿರಪ್‌ನಲ್ಲಿ ಪಾದ ಸಿಕ್ಕಿಕೊಳ್ಳದಂತೆ ತಡೆಯುವ ಸಣ್ಣ ಹಿಮ್ಮಡಿಯ ಬೂಟು ಇವು ಚರ್ಚೆಯಿಲ್ಲದ ಸಂಗತಿಗಳು. ನಡಿಗೆ, ಟ್ರಾಟ್, ಎರಡೂ ಕಡೆಗೆ ಕ್ಯಾಂಟರ್ ಮುಗಿಸಿ ಮೈ ಬಿಸಿಯಾದ ಮೇಲೆ, ಲಾಯಕ್ಕೆ ಬೆನ್ನು ಹಾಕುವ ದಿಕ್ಕಿನಲ್ಲಿ, ತರಬೇತುದಾರರ ಹಳೆಯ ಕುದುರೆಯ ಹಿಂದೆ ಸಾಕಷ್ಟು ಅಂತರದಲ್ಲಿ ನಿಂತೆ. ಮನೆಯ ಕಡೆ ಮುಖವಿದ್ದರೆ ಕುದುರೆಯ ಅವಸರ ನಮ್ಮ ಅಂಕೆಯಲ್ಲಿ ಉಳಿಯದು. "ಉಸಿರು ಕಟ್ಟಿ ಕೂರಬೇಡಿ ಮಾರಾಯ್ರೆ, ಅದಕ್ಕೆ ಗೊತ್ತಾಗ್ತದೆ" ಎಂದಷ್ಟೇ ಹೇಳಿ ಅವರು ಕ್ಯಾಂಟರ್ ಹಿಡಿದರು.

ನಾನು ಎದ್ದು, ಕೈಗಳನ್ನು ಕತ್ತಿನ ಮೇಲಕ್ಕೆ ಸರಿಸಿ, ಲಗಾಮುಗಳನ್ನು ಒಂದರ ಮೇಲೊಂದು ಅಡ್ಡ ಹಾಕಿ ಹಿಡಿದು, ಕಾಲಿನಿಂದ ಮೆಲ್ಲನೆ ಒತ್ತಿದೆ. ಮೂರರ ಬಡಿತ ಒಡೆದು ನಾಲ್ಕಾದುದು ಮೊದಲು ತಿಳಿದದ್ದು ಕಿವಿಗೆ. ಬೆನ್ನಿನ ತೂಗಾಟ ಇದ್ದಕ್ಕಿದ್ದಂತೆ ಕಡಿಮೆಯಾಗಿ ಕುದುರೆ ನೆಲಕ್ಕೆ ತಗ್ಗಿ ಚಾಚಿಕೊಂಡಿತು. ಕತ್ತಿನ ಕೂದಲು ಮುಂಗೈಗೆ ಬಡಿಯುತ್ತಿತ್ತು, ಗಾಳಿಗೆ ಕಣ್ಣಲ್ಲಿ ನೀರು. ಕ್ಯಾಂಟರ್‌ಗಿಂತ ಇದರ ಮೇಲೆ ನಿಲ್ಲುವುದೇ ಸುಲಭ ಎಂದರೆ ಹೊಸಬರು ನಂಬುವುದಿಲ್ಲ. ಮುಂದಿನ ಕುದುರೆ ನಿಧಾನಿಸುವುದಕ್ಕೆ ಮೊದಲೇ ನಾನು ಬೆನ್ನು ನೇರ ಮಾಡತೊಡಗಿದ್ದೆ, ಏಕೆಂದರೆ ಇಂಥ ವೇಗ ಇಳಿಯಲು ಬಹಳ ಜಾಗ ಬೇಡುತ್ತದೆ.

ನಮ್ಮ ತೇವದ ಹವೆಯಲ್ಲಿ ಬೆವರು ಬೇಗ ಆರದ ಕಾರಣ ಓಟದ ನಂತರದ ಆರೈಕೆಗೂ ಅಷ್ಟೇ ಸಮಯ ಹಿಡಿಯಿತು. ಮೂಗಿನ ಹೊಳ್ಳೆಗಳ ಅರಳುವಿಕೆ ತಗ್ಗುವವರೆಗೆ ನಡೆಸಿ, ಕತ್ತು, ಎದೆ, ತೊಡೆಗಳ ಸಂದಿನ ಮೇಲೆ ತಣ್ಣೀರನ್ನು ಮತ್ತೆ ಮತ್ತೆ ಸುರಿದು, ಕಾಲು ಮತ್ತು ಗೊರಸುಗಳ ಉಪ್ಪು ಮರಳನ್ನು ಸಿಹಿನೀರಿನಲ್ಲಿ ತೊಳೆದೆವು. ಮರುದಿನ ಬೆಳಗ್ಗೆ ನಾಲ್ಕು ಕಾಲುಗಳನ್ನೂ ಮಂಡಿಯಿಂದ ಕೆಳಕ್ಕೆ ಅಂಗೈಯಲ್ಲಿ ಸವರಿ ಎಲ್ಲಾದರೂ ಬಿಸಿಯೋ ಊತವೋ ಇದೆಯೇ ಎಂದು ನೋಡಿ, ಗಟ್ಟಿ ನೆಲದ ಮೇಲೆ ನೇರವಾಗಿ ಟ್ರಾಟ್ ಮಾಡಿಸಿ ಕುಂಟಿಲ್ಲವೆಂದು ಖಾತ್ರಿಯಾದ ಬಳಿಕವೇ ಅದನ್ನು ಹುಲ್ಲಿಗೆ ಬಿಟ್ಟೆವು.