ಸಿನಾಯಿಯಲ್ಲಿ ಮೊದಲು ಬೆಟ್ಟ, ಆಮೇಲೆ ಕಡಲು

ಈಜಿಪ್ಟಿನ ಸಿನಾಯಿ ಪರ್ಯಾಯ ದ್ವೀಪಕ್ಕೆ ಹೋಗುವ ಅನೇಕರು ಶರ್ಮ್ ಎಲ್ ಶೇಖ್‌ನಲ್ಲಿ ವಿಮಾನ ಇಳಿದು, ಮೊದಲು ಸಮುದ್ರಕ್ಕೆ ಧುಮುಕಿ, ಬಿಡುವು ಉಳಿದರೆ ಕೊನೆಗೆ ಬೆಟ್ಟ ಹತ್ತುತ್ತಾರೆ. ನಾನು ಈ ಕ್ರಮವನ್ನು ಬೇಕೆಂದೇ ತಿರುಗಿಸಿದೆ. ಸ್ಕೂಬಾ ಡೈವಿಂಗ್ ಮಾಡುವಾಗ ದೇಹದಲ್ಲಿ ಸೇರಿಕೊಳ್ಳುವ ನೈಟ್ರೋಜನ್ ಹೊರಹೋಗಲು ಸಮಯ ಬೇಕು. ಅದಕ್ಕೂ ಮುನ್ನ ಎತ್ತರಕ್ಕೆ ಏರಿದರೆ ಅದು ಗುಳ್ಳೆಗಳಾಗಿ ಕೀಲುಗಳನ್ನೂ ನರಗಳನ್ನೂ ಬಾಧಿಸಬಹುದು. ಮೋಶೆಗೆ ಹತ್ತು ಆಜ್ಞೆಗಳು ದೊರೆತ ಸ್ಥಳವೆಂದು ನಂಬಲಾದ ಸಿನಾಯಿ ಬೆಟ್ಟದ ಎತ್ತರ 2,285 ಮೀಟರ್.

ಕಡಲ ತೀರದ ಊರಾದ ದಹಬ್‌ನಿಂದ, ಬೆಟ್ಟದ ಬುಡದಲ್ಲಿ ಸಂತ ಕ್ಯಾಥರೀನ್ ಮಠವಿರುವ ಅದೇ ಹೆಸರಿನ ಊರಿಗೆ ಕಾರಿನಲ್ಲಿ ಎರಡು ಗಂಟೆಗೂ ಮೀರಿದ ದಾರಿ. ನಡುವೆ ತಪಾಸಣಾ ಠಾಣೆಗಳಿರುವುದರಿಂದ ಪಾಸ್‌ಪೋರ್ಟ್ ಕೈಗೆ ಸಿಗುವಂತಿರಬೇಕು. ಜೆಬೆಲಿಯಾ ಬುಡಕಟ್ಟಿನ ಮಾರ್ಗದರ್ಶಕರೊಬ್ಬರ ಜೊತೆ ನಡುರಾತ್ರಿಯ ನಂತರ ಒಂಟೆ ದಾರಿ ಹಿಡಿದೆ. ಅದು ನಿಧಾನವಾಗಿ ಏರುತ್ತದೆ. ಕೊನೆಯ 750 ಮೆಟ್ಟಿಲುಗಳನ್ನು ಮಾತ್ರ ಎಲ್ಲರೂ ನಡೆದೇ ಹತ್ತಬೇಕು. ಮರುಭೂಮಿ ಎಂದರೆ ಸೆಕೆ ಎಂದುಕೊಂಡು ಹೋಗುವವರಿಗೆ ತುದಿಯ ಚಳಿ ಸಹಿಸಲಾಗದು, ಉಣ್ಣೆಯ ಟೊಪ್ಪಿ ಮತ್ತು ಕೈಗವಸು ಅತ್ಯಗತ್ಯ. ಶಿಖರದಲ್ಲಿ ಒಂದು ಚಿಕ್ಕ ಚರ್ಚೂ ಒಂದು ಚಿಕ್ಕ ಮಸೀದಿಯೂ ಇವೆ. ಸೂರ್ಯೋದಯದ ಬಳಿಕ, ಮಠದ ಬೆನ್ನಿಗೆ ಇಳಿಯುವ ಕಲ್ಲಿನ ಮೆಟ್ಟಿಲ ದಾರಿಯಲ್ಲಿ ಬಂದೆ. ಮೊಣಕಾಲು ಗಟ್ಟಿಯಿಲ್ಲದವರು ಒಂಟೆ ದಾರಿಯಲ್ಲೇ ಹಿಂದಿರುಗುವುದು ಒಳ್ಳೆಯದು.

ಆರನೆಯ ಶತಮಾನದಲ್ಲಿ ಚಕ್ರವರ್ತಿ ಜಸ್ಟಿನಿಯನ್ ಕಟ್ಟಿಸಿದ ಈ ಮಠದಲ್ಲಿ ಇಂದಿಗೂ ಗ್ರೀಕ್ ಸಂನ್ಯಾಸಿಗಳು ನೆಲೆಸಿದ್ದಾರೆ. ಪ್ರವಾಸಿಗರಿಗೆ ಪ್ರವೇಶ ಬೆಳಗಿನ ಕೆಲವೇ ಗಂಟೆಗಳಲ್ಲಿ. ಕೆಲವು ದಿನ ಪೂರ್ತಿ ಮುಚ್ಚಿರುವುದರಿಂದ ಮೊದಲೇ ವಿಚಾರಿಸಿಕೊಂಡು ದಿನ ಗೊತ್ತುಮಾಡಬೇಕು. ಬೈಬಲಿನಲ್ಲಿ ಮೋಶೆ ಕಂಡ, ಉರಿದರೂ ಸುಡದ ಪೊದೆಯೆಂದು ಪೂಜ್ಯವಾದ ಮುಳ್ಳುಗಿಡ ಕಲ್ಲಿನ ಗೋಡೆಯ ಮೇಲಿನಿಂದ ಹಸಿರಾಗಿ ಜೋತುಬಿದ್ದಿದೆ, ಭಕ್ತರು ಅದರ ಕೆಳಗೆ ನಿಂತು ಪ್ರಾರ್ಥಿಸುತ್ತಾರೆ. ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಬೇರೊಂದು ನೋಟ: ಅದೇ ಕೋಟೆಗೋಡೆಯೊಳಗೆ ಚರ್ಚಿನ ಗಂಟೆಗೋಪುರದ ಪಕ್ಕದಲ್ಲೇ ಹಿಂದೆ ಈಜಿಪ್ಟನ್ನು ಆಳಿದ ಫಾತಿಮಿದ್ ವಂಶದ ಕಾಲದ ಮಸೀದಿಯ ಮಿನಾರು ನಿಂತಿದೆ. ಯಹೂದಿ, ಕ್ರೈಸ್ತ, ಮುಸ್ಲಿಂ ಮೂವರಿಗೂ ಪವಿತ್ರವಾದ ಈ ಕಣಿವೆಗೆ ಒಂದು ಇಡೀ ದಿನವನ್ನಾದರೂ ಕೊಡಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಬೆಟ್ಟ ಮುಗಿಸಿ ದಹಬ್‌ಗೆ ಮರಳಿದ ಮೇಲೆ ಡೈವಿಂಗ್ ಆರಂಭಿಸಿದೆ. ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ದೋಣಿಯಿಂದ ನೀರಿಗಿಳಿಯಲು ಕಲಿತಿದ್ದ ನನಗೆ, ಸಿಲಿಂಡರ್ ಹೊತ್ತು ದಡದಿಂದಲೇ ನಡೆದು ಇಳಿಯುವುದು ಹೊಸದಾಗಿತ್ತು. ಕೆಂಪು ಸಮುದ್ರದ ನೀರು ನಮ್ಮ ಕಡಲಿಗಿಂತ ಉಪ್ಪಾಗಿರುವುದರಿಂದ ದೇಹ ಹೆಚ್ಚು ತೇಲುತ್ತದೆ. ಸೊಂಟದ ಪಟ್ಟಿಗೆ ಹೆಚ್ಚುವರಿ ಸೀಸದ ತೂಕ ಹಾಕಿ, ಆಳವಿಲ್ಲದ ಕಡೆ ಪರೀಕ್ಷಿಸಿಕೊಂಡೇ ಮುಂದೆ ಹೋದೆ. ‘ಬೆಲ್ಸ್’ ಎಂಬಲ್ಲಿ ಹವಳದ ಬಂಡೆಯ ನಡುವಿನ ಇಕ್ಕಟ್ಟಾದ ಸೀಳಿನಲ್ಲಿ ಒಬ್ಬರ ಹಿಂದೊಬ್ಬರು ಇಳಿದು, ಹೊರಗೆ ತೆರೆದುಕೊಳ್ಳುವ ಕಡಿದಾದ ಗೋಡೆಯ ಗುಂಟ ಈಜುತ್ತ, ಕಿತ್ತಳೆ ಬಣ್ಣದ ಆಂಥಿಯಾಸ್ ಮೀನುಗಳ ಹಿಂಡನ್ನು ಹಾದು, ಹವಳದ ದಿಬ್ಬದ ನಡುವಿನ ಆಳವಾದ ಕಡಲ ಗುಂಡಿಯಾದ ಬ್ಲೂ ಹೋಲ್ ಸೇರಿದೆವು. ಅಲ್ಲಿ ಐವತ್ತು ಮೀಟರಿಗಿಂತ ಕೆಳಗಿರುವ ಕಮಾನಿನ ಹಾದಿ ಮನರಂಜನೆಗಾಗಿ ಡೈವ್ ಮಾಡುವವರ ಮಿತಿಯಾದ 40 ಮೀಟರನ್ನು ಮೀರಿದ್ದು. ಅದನ್ನು ದಾಟಲು ಹೋಗಿ ಹಲವರು ಪ್ರಾಣ ಕಳೆದುಕೊಂಡಿದ್ದಾರೆ. ದಡದ ಬಂಡೆಗೆ ಅಂಟಿಸಿದ ಸ್ಮಾರಕ ಫಲಕಗಳನ್ನು ನೀರಿಗಿಳಿಯುವ ಮೊದಲೇ ನಿಂತು ಓದಬೇಕು.

ಹಲವು ಡೈವ್‌ಗಳ ನಂತರ ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕೆಂಬುದು ಸಾಮಾನ್ಯ ನಿಯಮ. ಹೊರಡುವ ಹಿಂದಿನ ದಿನವನ್ನು ನಾನು ಅದಕ್ಕಾಗಿಯೇ 1983ರಲ್ಲಿ ಘೋಷಿತವಾದ ರಾಸ್ ಮೊಹಮ್ಮದ್ ರಾಷ್ಟ್ರೀಯ ಉದ್ಯಾನಕ್ಕೆ ಮೀಸಲಿಟ್ಟೆ. ಸಿಲಿಂಡರ್ ಇಲ್ಲದೆ ಬರೀ ಮುಖವಾಡ ಮತ್ತು ಉಸಿರುಕೊಳವೆಯಿಂದ ಈಜುವವರಿಗೆ ಈ ಕಾಯುವಿಕೆ ಅನ್ವಯಿಸುವುದಿಲ್ಲ, ಮತ್ತು ಅಲ್ಲಿಯ ಹವಳಗಳು ದಡದ ಹತ್ತಿರವೇ ಕಾಣಸಿಗುತ್ತವೆ.