ವಾರಕ್ಕೊಂದು ಬಟ್ಟಲು ಅಗಸಿ ಹಿಂಡಿ

ಮೂರು ವರ್ಷದ ಹಿಂದೆ ಬೆಂಗಳೂರಿನಲ್ಲಿರುವ ಮಗಳಿಗೆ ಒಂದು ಕಿಲೋ ಅಗಸಿ ಹಿಂಡಿ, ಅಂದರೆ ಅಗಸೆ ಬೀಜದ ಚಟ್ನಿಪುಡಿ, ಮಾಡಿ ಕಳಿಸಿದ್ದೆ. ಎರಡು ತಿಂಗಳಾದ ಮೇಲೆ ಫೋನು ಬಂತು. "ಅವ್ವಾ, ಹಿಂಡಿ ಕಹಿ ಆಗೇತಿ. ಏನೋ ವಾರ್ನಿಶ್ ವಾಸನಿ ಬರಾಕತ್ತೇತಿ" ಎಂದಳು. ಮೆಣಸಿನಕಾಯಿ ಸೀದಿರಬೇಕು ಎಂದುಕೊಂಡೆ. ಮುಂದಿನ ಸಲ ಬಹಳ ಹುಷಾರಾಗಿ ಹುರಿದು ಕಳಿಸಿದೆ. ಮತ್ತೆ ಅದೇ ಮಾತು.

ಕಾರಣ ಗೊತ್ತಾಗಿದ್ದು ಮಗನ ಕ್ರಿಕೆಟ್ ಬ್ಯಾಟಿನಿಂದ. ಹೊಸ ಬ್ಯಾಟಿಗೆ ಲಿನ್ಸೀಡ್ ಎಣ್ಣೆ ತಿಕ್ಕುತ್ತಾ ಪಡಸಾಲೆಯಲ್ಲಿ ಕೂತಿದ್ದ. ಆ ಬಟ್ಟೆಯ ವಾಸನೆ ಮೂಗಿಗೆ ಬಡಿದದ್ದೇ ಎದ್ದು ಹೋಗಿ ನನ್ನ ಹಳೇ ಡಬ್ಬಿ ತೆಗೆದು ನೋಡಿದೆ. ತಳದಲ್ಲಿ ಉಳಿದಿದ್ದ ಹಿಂಡಿಯದೂ ಅದೇ ವಾಸನೆ. ಲಿನ್ಸೀಡ್ ಎಂದರೆ ನಮ್ಮ ಅಗಸಿಯೇ. ಅದರ ಎಣ್ಣೆ ಗಾಳಿಗೆ ತೆರೆದುಕೊಂಡರೆ ಆಮ್ಲಜನಕದ ಜೊತೆ ಸೇರಿ ಬದಲಾಗುತ್ತಾ ಹೋಗುತ್ತದೆ, ಕೊನೆಗೆ ಗಟ್ಟಿಯಾಗಿ ಒಣಗುತ್ತದೆ. ಅದಕ್ಕೇ ಅದನ್ನು ಬಣ್ಣಕ್ಕೆ, ವಾರ್ನಿಶ್‌ಗೆ, ಮರದ ಸಾಮಾನಿಗೆ ಬಳಸುತ್ತಾರೆ. ಕಾಳು ಇಡಿಯಾಗಿ ಇರುವವರೆಗೆ ಸಿಪ್ಪೆ ಆ ಎಣ್ಣೆಯನ್ನು ಕಾಯುತ್ತದೆ. ಪುಡಿ ಮಾಡಿದ ಗಳಿಗೆಯಿಂದ ಕೆಡುವುದು ಶುರು.

ನರಗುಂದದ ಕಡೆ ಹಳ್ಳಿಯಲ್ಲಿ ನಮ್ಮವ್ವ ವಾರಕ್ಕೊಮ್ಮೆ ಮಾತ್ರ ಹಿಂಡಿ ಕುಟ್ಟುತ್ತಿದ್ದಳು. ಅದೂ ಒಂದು ಬಟ್ಟಲು ಅಷ್ಟೆ. ಕಲ್ಲು ಸಣ್ಣದು, ಅದಕ್ಕೇ ಇಷ್ಟು ಎಂದು ನಾನು ತಿಳಿದಿದ್ದೆ.

ದಕ್ಷಿಣದ ಕಡೆಯವರಿಗೆ ಹಿಂಡಿ ಎಂದರೆ ದನಕ್ಕೆ ಹಾಕುವುದು ನೆನಪಾಗಬಹುದು. ನಮ್ಮಲ್ಲಿ ಚಟ್ನಿಪುಡಿಗೂ ಹಿಂಡಿ ಎನ್ನುತ್ತೇವೆ. ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ. ಈ ಮೂರರಲ್ಲಿ ಈಗಿನ ಮಕ್ಕಳು ಶೇಂಗಾ ಒಂದನ್ನೇ ಕೇಳುತ್ತಾರೆ. ನನಗೆ ಅಗಸಿಯ ಮೇಲೆ ಜೀವ.

ಯಾಕೆಂದರೆ ಬೇಗ ಕೆಡುವ ಆ ಎಣ್ಣೆಯೇ ನಮಗೆ ಒಳ್ಳೆಯದು ಮಾಡುವುದು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಒಮೆಗಾ-3 ಕೊಬ್ಬು ಇದೆ. ಇದು ದೇಹ ತಾನೇ ತಯಾರಿಸಿಕೊಳ್ಳಲಾರದ ಕೊಬ್ಬು, ಊಟದಿಂದಲೇ ಬರಬೇಕು. ಒಂದು ದೊಡ್ಡ ಚಮಚ ಅಗಸಿ ಪುಡಿ ಸುಮಾರು 7 ಗ್ರಾಂ ತೂಗುತ್ತದೆ. ಅಷ್ಟರಲ್ಲೇ ಸುಮಾರು ಒಂದೂವರೆ ಗ್ರಾಂ ಒಮೆಗಾ-3, 2 ಗ್ರಾಂ ನಾರು ಸಿಗುತ್ತದೆ. ಮೀನಿನಲ್ಲಿರುವ ಒಮೆಗಾ-3 ಬೇರೆ ಬಗೆಯದು. ಅಗಸಿಯದನ್ನು ನಮ್ಮ ದೇಹ ಆ ಬಗೆಗೆ ಬದಲಾಯಿಸಿಕೊಳ್ಳುವುದು ಬಹಳ ಸ್ವಲ್ಪ. ಆದರೂ ನಮ್ಮಂಥ ಮೀನು ತಿನ್ನದ ಮನೆಗೆ ಇದು ದೊಡ್ಡ ಆಸರೆ. ದಿನವೂ ತಿಂದರೆ ಕೆಟ್ಟ ಕೊಲೆಸ್ಟ್ರಾಲ್ ಸ್ವಲ್ಪ ಇಳಿಯುತ್ತದೆ, ಬಿಪಿಗೂ ಒಳ್ಳೆಯದು. ಹಾಗಂತ ಮಾತ್ರೆ ಬಿಡಬೇಡಿ. ಇದು ಊಟ, ಔಷಧಿ ಅಲ್ಲ.

ನಮ್ಮ ಯಜಮಾನರು ಯಾರೋ ಹೇಳಿದ್ದು ಕೇಳಿ ಆರು ತಿಂಗಳು ದಿನಾ ಬೆಳಿಗ್ಗೆ ಒಂದು ಚಮಚ ಇಡೀ ಅಗಸಿ ಕಾಳು ನೀರಿನ ಜೊತೆ ನುಂಗಿದರು. ಅಗಸಿಯ ಸಿಪ್ಪೆ ಬಹಳ ಗಟ್ಟಿ. ಅಗಿಯದೆ ನುಂಗಿದರೆ ಬಹಳಷ್ಟು ಕಾಳು ಹೇಗೆ ಹೋಯಿತೋ ಹಾಗೇ ಹೊರಗೆ ಬರುತ್ತದೆ. ಹೊಟ್ಟೆ ಸಾಫ್ ಆಗಲು ಸ್ವಲ್ಪ ಸಹಾಯ ಆದೀತು, ಒಳಗಿನ ಎಣ್ಣೆ ಮಾತ್ರ ದಕ್ಕುವುದಿಲ್ಲ. ಹಾಗಾಗಿ ಪುಡಿ ಮಾಡಲೇಬೇಕು, ಮಾಡಿದ್ದನ್ನು ಬೇಗ ಮುಗಿಸಲೇಬೇಕು. ಇದೊಂದು ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ಸಲೀಸು.

ಈಗ ಮಾಡುವ ಬಗೆ ಹೇಳುತ್ತೇನೆ.

ನಾನು ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಕಾಳು ತರುತ್ತೇನೆ. ಅಂಗೈ ಮೇಲೆ ಹಾಕಿಕೊಂಡು ನೋಡಿ. ಕಂದು ಬಣ್ಣ, ಒಳ್ಳೆ ಹೊಳಪು ಇರಬೇಕು, ಬೆರಳಿನ ಸಂದಿಯಿಂದ ಜಾರಿ ಹೋಗಬೇಕು. ನಾಲ್ಕು ಕಾಳು ಬಾಯಿಗೆ ಹಾಕಿ ಅಗಿಯಿರಿ. ಕಹಿ ಹತ್ತಿದರೆ ಹಳೇ ಮಾಲು, ಬೇಡ. ಅಗಸಿ ನಮ್ಮ ಎರಿ ಹೊಲದ ಹಿಂಗಾರಿ ಬೆಳೆ. ಸುಗ್ಗಿ ಮುಗಿದು ಬೇಸಿಗೆ ಶುರುವಾಗುವ ಹೊತ್ತಿಗೆ ಹೊಸ ಕಾಳು ಸಿಗುತ್ತದೆ. ಆಗ ಎರಡು ಕಿಲೋ ತಂದಿಟ್ಟುಕೊಂಡರೂ ಪರವಾಗಿಲ್ಲ. ಇಡೀ ಕಾಳು ತಿಂಗಳುಗಟ್ಟಲೆ ಇರುತ್ತದೆ.

ಮೊರದಲ್ಲಿ ಹಾಕಿ ಕೇರಿ, ಜರಡಿ ಹಿಡಿದು, ಕಲ್ಲು ಆರಿಸಿ. ತೊಳೆಯಲು ಮಾತ್ರ ಹೋಗಬೇಡಿ. ನೀರು ತಾಗಿದರೆ ಕಾಳು ಲೋಳೆ ಬಿಟ್ಟು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ನನ್ನ ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ತೊಳೆದುಬಿಟ್ಟಿದ್ದಳು, ಪಾಪ, ಇಡೀ ಮಧ್ಯಾಹ್ನ ಬಿಡಿಸುತ್ತಾ ಕೂತಳು. ಆದರೆ ಹೊಟ್ಟೆ ಕಟ್ಟಿದವರಿಗೆ ಉಪಕಾರ ಮಾಡುವುದೂ ಇದೇ ಲೋಳೆ. ಕರುಳಿನಲ್ಲಿ ನೀರು ಹಿಡಿದಿಟ್ಟುಕೊಂಡು ಮಲ ಮೆತ್ತಗಾಗುವಂತೆ ಮಾಡುತ್ತದೆ.

ಒಂದು ಬಟ್ಟಲು ಎಂದರೆ ಸುಮಾರು 150 ಗ್ರಾಂ. ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಎಣ್ಣೆ ಹಾಕದೆ ಹುರಿಯಿರಿ. ಕೈ ಬಿಡಬೇಡಿ. ಸ್ವಲ್ಪ ಹೊತ್ತಿಗೆ ಚಟಚಟ ಎನ್ನುತ್ತದೆ, ಕಾಳು ಸ್ವಲ್ಪ ಉಬ್ಬುತ್ತದೆ. "ಸಪ್ಪಳ ಕಡಿಮಿ ಆತಂದ್ರ ಇಳಿಸವಾ, ಬಣ್ಣ ನೋಡ್ಕೋತ ನಿಂತ್ರ ಸೀದು ಹೊಕ್ಕೇತಿ" ಎನ್ನುತ್ತಿದ್ದಳು ಅವ್ವ. ಕಾಳೇ ಕಂದು ಇರುವಾಗ ಬಣ್ಣ ನೋಡಿ ತಿಳಿಯುವುದು ಕಷ್ಟ ಅಲ್ವಾ? ಕಿವಿಯನ್ನೇ ನಂಬಿ. ಒಂದು ಕಾಳು ಕಡಿದರೆ ಕಟ್ ಎನ್ನಬೇಕು. ಹುರಿಯುವುದು ರುಚಿಗೆ ಮಾತ್ರ ಅಲ್ಲ. ಹಸಿ ಅಗಸಿಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಸ್ವಲ್ಪ ಇರುತ್ತದೆ, ಹುರಿದರೆ ಅದು ಕಡಿಮೆಯಾಗುತ್ತದೆ. ಹಸಿ ಪುಡಿಯನ್ನು ಮುಷ್ಟಿಗಟ್ಟಲೆ ತಿನ್ನುವುದು ಅದಕ್ಕೇ ಬೇಡ.

ಹುರಿದದ್ದನ್ನು ಅಗಲ ತಟ್ಟೆಗೆ ಸುರಿದು ಪೂರ್ತಿ ಆರಲು ಬಿಡಿ. ಬಿಸಿ ಇರುವಾಗ ಮಿಕ್ಸರಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆ ಆಗುತ್ತದೆ.

ಅದೇ ಬಾಣಲೆಯಲ್ಲಿ ಎರಡು ಹನಿ ಎಣ್ಣೆ ಹಾಕಿ ಹತ್ತು ಬ್ಯಾಡಗಿ ಮೆಣಸಿನಕಾಯಿ, ಒಂದು ಹಿಡಿ ಕರಿಬೇವು ಗರಿಗರಿ ಆಗುವಷ್ಟು ಹುರಿಯಿರಿ. ಒಂದು ಚಮಚ ಜೀರಿಗೆ, ಅಡಿಕೆ ಗಾತ್ರದ ಹುಣಸೆಹಣ್ಣು ಸ್ವಲ್ಪ ಬಿಸಿ ಮಾಡಿ. ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಹಾಗಾಗಿ ಮಕ್ಕಳೂ ಮುದುಕರೂ ತಿನ್ನಬಹುದು. ಗುಂಟೂರು ಹಾಕಿದರೆ ಖಾರದ ಮುಂದೆ ಅಗಸಿಯ ರುಚಿ ಸತ್ತೇ ಹೋಗುತ್ತದೆ.

ಮೊದಲು ಮೆಣಸಿನಕಾಯಿ, ಕರಿಬೇವು, ಜೀರಿಗೆ, ಹುಣಸೆಹಣ್ಣು, ಒಂದು ಸಣ್ಣ ಚಮಚ ಉಪ್ಪು ಪುಡಿ ಮಾಡಿ. ಆಮೇಲೆ ಅಗಸಿ ಹಾಕಿ, ಮಿಕ್ಸರನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ತರಿತರಿ ಇರಲಿ, ಆದರೆ ಇಡೀ ಕಾಳು ಕಣ್ಣಿಗೆ ಬೀಳಬಾರದು. ಕೊನೆಗೆ ಎಂಟು ಹತ್ತು ಎಸಳು ಬೆಳ್ಳುಳ್ಳಿ ಹಾಕಿ ಒಂದೇ ಸುತ್ತು. ಬಿಪಿ ಇರುವವರು ಉಪ್ಪು ಅರ್ಧ ಮಾಡಿ, ಹುಳಿ ಸ್ವಲ್ಪ ಹೆಚ್ಚಿಸಿ. ನಾಲ್ಕು ದಿನದಲ್ಲಿ ನಾಲಿಗೆಗೆ ರೂಢಿ ಆಗುತ್ತದೆ.

ತಿನ್ನುವುದು ನಿಮಗೆ ಬಿಟ್ಟದ್ದು. ಬಿಸಿ ಜೋಳದ ರೊಟ್ಟಿ, ಹಿಂಡಿಯ ಮೇಲೆ ಗಟ್ಟಿ ಮೊಸರು, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಹಕ್ಕರಕಿ ಸೊಪ್ಪು. ಇದಕ್ಕಿಂತ ಒಳ್ಳೆ ಊಟ ನಾನು ಕಂಡಿಲ್ಲ. ಬಿಸಿ ಅನ್ನ ತುಪ್ಪಕ್ಕೂ ಆಗುತ್ತದೆ. ದಿನಕ್ಕೆ ಒಂದು ದೊಡ್ಡ ಚಮಚ ಸಾಕು, ಎರಡು ದಾಟುವುದು ಬೇಡ. ಹೊಸದಾಗಿ ಶುರು ಮಾಡುವವರು ಮೊದಲ ವಾರ ಅರ್ಧ ಚಮಚವೇ ತಿನ್ನಿ, ಇಲ್ಲದಿದ್ದರೆ ಹೊಟ್ಟೆ ಉಬ್ಬುತ್ತದೆ. ನೀರು ಚೆನ್ನಾಗಿ ಕುಡಿಯಿರಿ. ನೀರಿಲ್ಲದೆ ನಾರು ಮಾತ್ರ ಜಾಸ್ತಿಯಾದರೆ ಹೊಟ್ಟೆ ಇನ್ನೂ ಕಟ್ಟುತ್ತದೆ. ರಕ್ತ ತೆಳುವಾಗಲು ಮಾತ್ರೆ ತಗೊಳ್ಳುವವರು, ಬಸುರಿಯರು, ಕರುಳಿನ ತೊಂದರೆ ಇರುವವರು ದಿನಾ ತಿನ್ನುವ ಮೊದಲು ಡಾಕ್ಟರನ್ನು ಕೇಳಿ. ಬೇರೆ ಯಾವುದೇ ಮಾತ್ರೆ ಇದ್ದರೂ ಹಿಂಡಿಗೂ ಮಾತ್ರೆಗೂ ಒಂದೆರಡು ತಾಸು ಅಂತರ ಇರಲಿ.

ಮಾಡಿದ ಹಿಂಡಿಯನ್ನು ಗಾಜಿನ ಅಥವಾ ಸ್ಟೀಲಿನ ಡಬ್ಬಿಯಲ್ಲಿ ಗಟ್ಟಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಒಲೆಯ ಪಕ್ಕ, ಕಿಟಕಿಯ ಬಿಸಿಲಲ್ಲಿ ಬೇಡ. ನಾನು ಒಂದು ವಾರದ ಮೇಲೆ ಇಡುವುದಿಲ್ಲ. ಕಹಿಯಾದದ್ದನ್ನು ಮೊಸರು ಕಲಸಿ ತಿಂದು ಮುಗಿಸುವ ಉಳಿತಾಯ ಮಾಡಬೇಡಿ, ಚೆಲ್ಲಿಬಿಡಿ.

ಮಗಳಿಗೆ ಈಗ ಹಿಂಡಿ ಕಳಿಸುವುದಿಲ್ಲ. ಎರಡು ಡಬ್ಬಿ ಕಳಿಸುತ್ತೇನೆ. ಒಂದರಲ್ಲಿ ಕೇರಿ ಆರಿಸಿದ ಇಡೀ ಅಗಸಿ, ಇನ್ನೊಂದರಲ್ಲಿ ಬೆಳ್ಳುಳ್ಳಿ ಹಾಕದ ಖಾರದ ಪುಡಿ. ಆ ಪುಡಿ ಎರಡು ತಿಂಗಳು ಏನೂ ಆಗುವುದಿಲ್ಲ. ಭಾನುವಾರ ಬೆಳಿಗ್ಗೆ ಅವಳು ಒಂದು ಬಟ್ಟಲು ಅಗಸಿ ಹುರಿದು, ಮೂರು ಚಮಚ ಖಾರದ ಪುಡಿ ಸೇರಿಸಿ, ಬೆಳ್ಳುಳ್ಳಿ ಹಾಕಿ ತಿರುಗಿಸಿಕೊಳ್ಳುತ್ತಾಳೆ. ಹದಿನೈದು ನಿಮಿಷದ ಕೆಲಸ. ಮೊದಮೊದಲು ಫೋನನ್ನು ಬಾಣಲೆಯ ಹತ್ತಿರ ಹಿಡಿದು "ಸಪ್ಪಳ ಕೇಳವಾ, ಸಾಕೇನು?" ಎಂದು ಕೇಳುತ್ತಿದ್ದಳು. ಈಗ ಅವಳೇ ಇಳಿಸುತ್ತಾಳೆ.